ರಜಿಯಾಳ ಪ್ರೋಗ್ರಾಮಿನಲ್ಲಿ ನಾನು ಬದಲಿಸಿದ ಅಂಕಿ

ಆಗ ಆಳಂದದಲ್ಲಿ ಕಂಪ್ಯೂಟರ್ ನೋಡಬೇಕೆಂದರೆ ನಮ್ಮ ಹೈಸ್ಕೂಲಿಗೇ ಬರಬೇಕಿತ್ತು. ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಯೊಳಗೆ ಹೋದರೆ, ಅದಕ್ಕೆ ಪರದೆಯಾಗಿ ಜೋಡಿಸಿದ್ದ ಟೀವಿಯ ಬಿಸಿ ಧೂಳಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆ ಚಳಿಗಾಲ ನಾನೂ ರಜಿಯಾಳೂ ಒಂಬತ್ತನೇ ಇಯತ್ತೆ. ಗಣಿತದಲ್ಲಿ ಅಲ್ಲಿಯವರೆಗೂ ನಾನೇ ಮೊದಲು.

ಯಂತ್ರದ ಜೊತೆ ಒಂದು ಜಾಯ್‌ಸ್ಟಿಕ್ ಬಂದಿತ್ತು. ಅದರ ಕಡ್ಡಿ ವಾಲಿಸಿದರೆ ಪರದೆಯ ಮೇಲಿನ ಚೆಂಡು ಓಡಬೇಕು, ಬಿಟ್ಟರೆ ನಡುವೆ ನಿಲ್ಲಬೇಕು. ನಮ್ಮದು ಬಿಟ್ಟರೂ ನಿಲ್ಲುತ್ತಿರಲಿಲ್ಲ.

“ಅದಕ್ಕ ತನ್ನ ನಡುವು ಎಲ್ಲೈತಿ ಅಂತ ಗೊತ್ತಿಲ್ಲ ಬೇ. ನಾವೇ ಹೇಳಬೇಕು,” ಎಂದಳು ರಜಿಯಾ.

ಎರಡು ವಾರ ಊಟದ ಬಿಡುವಿನಲ್ಲಿ, ಎಡಗೈಯಲ್ಲಿ ನಮ್ಮವ್ವನ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಹಿಡಿದುಕೊಂಡೇ, ಅವಳು ಕಡ್ಡಿ ವಾಲಿದಂತೆ ಪರದೆಯಲ್ಲಿ ಬದಲಾಗುವ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕಡ್ಡಿ ಬಿಟ್ಟಾಗ ಬರುವ ಮೂವತ್ತೊಂದು ಸಾವಿರ ಚಿಲ್ಲರೆಯೇ ನಡುವು ಎಂದು ಯಂತ್ರದ ಬೇಸಿಕ್ ಭಾಷೆಯಲ್ಲಿ ಒಂದು ಸಾಲು ಬರೆದಳು. ತುಸು ಅಲುಗಿದರೆ ಲೆಕ್ಕಕ್ಕಿಲ್ಲ ಎಂದು ಇನ್ನೊಂದು. ಚೆಂಡು ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಎದೆಯೊಳಗೆ ಮಾತ್ರ ಉರಿ.

“ನಾಳೆ ಗುಲಬರ್ಗಾದಿಂದ ಶಿಕ್ಷಣ ಇಲಾಖೆ ಸಾಹೇಬ್ರು ಬರ್ತಾರ, ರಜಿಯಾನೇ ತೋರಿಸ್ಲಿ,” ಎಂದರು ಗಣಿತದ ಮಾಸ್ತರರು.

ಅಂದು ಸಂಜೆ ಯಂತ್ರಕ್ಕೆ ಬಟ್ಟೆ ಹೊದಿಸುವ ಸರದಿ ನನ್ನದು. ಒಬ್ಬಳೇ ಇದ್ದೆ. ನಡುವು ಹೇಳುವ ಸಾಲಿನಲ್ಲಿ ಅಂಕಿಯ ಮೊದಲ ಮೂರನ್ನು ಎರಡು ಮಾಡಿ, ಪ್ರೋಗ್ರಾಮು ಉಳಿಸಿಡುವ ಕ್ಯಾಸೆಟ್ಟಿಗೆ ಮತ್ತೆ ತುಂಬಿಸಿಬಿಟ್ಟೆ.

ಮರುದಿನ ರಜಿಯಾ ಕಡ್ಡಿ ಮುಟ್ಟುವ ಮೊದಲೇ ಚೆಂಡು ಎಡಕ್ಕೆ ಓಡಿ ಪರದೆಯ ಅಂಚಿಗೆ ಅಂಟಿಕೊಂಡಿತು.

“ನಿನ್ನಿ ಛಲೋ ಇತ್ರಿ ಸರ್, ಖರೇನ್ರಿ.”

“ಯಂತ್ರ ಸುಳ್ಳು ಹೇಳಂಗಿಲ್ಲಮ್ಮ,” ಎಂದರು ಮಾಸ್ತರರು. ಸಾಹೇಬರು ನಕ್ಕರು. ರಜಿಯಾ ಕಡ್ಡಿಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನೋಡಿದಳು.

ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. “ನಾ ನೋಡ್ಲೇನ್ರಿ ಸರ್?” ಎಂದು ಮುಂದೆ ಹೋದೆ. ಹುಡುಕಿದಂತೆ ನಟಿಸಿ ಎರಡನ್ನು ಮೂರು ಮಾಡಿದೆ. ಸಾಹೇಬರು ನನ್ನ ಬೆನ್ನು ತಟ್ಟಿದರು. ಜಿಲ್ಲೆಯ ವಿಜ್ಞಾನ ಪ್ರದರ್ಶನಕ್ಕೆ ನನ್ನನ್ನೇ ಕಳಿಸಿದರು.

ಮನೆಗೆ ಹೋಗುವಾಗ ರಜಿಯಾ ನನ್ನ ಕೈ ಹಿಡಿದುಕೊಂಡಳು. “ಭಾಳ ಶುಕ್ರಿಯಾ ಬೇ. ನೀ ಇರ್ಲಿಲ್ಲಂದ್ರ ನನ್ನ ಮರ್ಯಾದಿನೇ ಹೋಗ್ತಿತ್ತು.” ನಾನು ಕೈ ಬಿಡಿಸಿಕೊಳ್ಳಲಿಲ್ಲ. ಮುಂದೆ ಅವಳು ಆ ಕೋಣೆಗೆ ಬರಲಿಲ್ಲ. “ನನ್ನಿಂದ ಆಗಂಗಿಲ್ಲ ತಗೋ,” ಎನ್ನುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಜೊತೆಗಿದ್ದ ಮಗಳಿಗೆ, “ನಾ ಹೇಳ್ತಿದ್ನಲ್ಲ, ನನ್ನ ತಪ್ಪು ಹುಡುಕಿ ಕೊಟ್ಟಾಕಿ, ಈಕೀನೇ,” ಎಂದು ಹೆಮ್ಮೆಯಿಂದ ತೋರಿಸಿದಳು. ನಿಜ ಹೇಳಲು ಬಾಯಿ ತೆರೆದೆ. ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ಬಸ್ಸು ಬಂತು.

ಆ ಯಂತ್ರ ಯಾವ ಗುಜರಿಗೆ ಹೋಯಿತೋ ತಿಳಿಯದು. ಅದು ಹೋದದ್ದು ದೊಡ್ಡದಲ್ಲ. ಎರಡು ವಾರದಲ್ಲಿ ಅದರ ಮನಸ್ಸು ಅರಿತಿದ್ದ ಹುಡುಗಿಯೊಬ್ಬಳು ತನಗೆ ಬುದ್ಧಿ ಸಾಲದೆಂದು ಇಂದಿಗೂ ನಂಬಿದ್ದಾಳೆ. ನಂಬಿಸಿದವಳು ನಾನು.