ಕರೆಂಟಿನ ಕಾರಿನಲ್ಲಿ ಲಗ್ನಪತ್ರಿಕೆ ಹಂಚಿದ್ದು

ಸೋಮವಾರ ಬೆಳಗಿನ ತಂಪಿನಲ್ಲೇ ಹಾಸನ ಬಿಡಬೇಕಾಗಿತ್ತು. ಬಿಡುವಷ್ಟರಲ್ಲಿ ಬಿಸಿಲೇರಿತ್ತು. ಚಿಕ್ಕಪ್ಪನ ಹೊಸ ಕರೆಂಟಿನ ಕಾರಿನ ಬಾಗಿಲ ಹಿಡಿಗಳು ಬಾಗಿಲೊಳಗೇ ಅಡಗಿ ಕೂತಿರುತ್ತವೆ. ನಾವು ಹತ್ತಿರ ಹೋದರೆ ತಾವಾಗಿ ಹೊರಬರಬೇಕು. ಅವತ್ತು ಎಡಗಡೆಯದು ಬರಲೇ ಇಲ್ಲ. ನಾನು ಡ್ರೈವರ್ ಕಡೆಯಿಂದ ನುಗ್ಗಿ, ಆಚೆ ಸೀಟಿಗೆ ತೆವಳಿಕೊಂಡು ಹೋಗಿ ಕೂತೆ.

"ಬಾಗಿಲು ತೆಗೆಯೋದು ಯಾವತ್ತೋ ಬಗೆಹರಿದ ಸಮಸ್ಯೆ ಚಿಕ್ಕಪ್ಪ. ಅದನ್ನ ಮತ್ತೆ ಸಮಸ್ಯೆ ಮಾಡಿ ನಿಮಗೆ ಮಾರಿದ್ದಾರೆ," ಅಂದೆ.

"ಮೊದ್ಲು ಬೆಲ್ಟ್ ಆಕ್ಕಳ್ಲಾ. ಡಿಬೇಟು ಆಮೇಲ್ ಮಾಡೀವಂತೆ," ಅಂದರು.

ಹೊರಟಿದ್ದು ಚಿಕ್ಕಪ್ಪನ ಕಿರಿಮಗಳು ಪಲ್ಲವಿಯ ಲಗ್ನಪತ್ರಿಕೆ ಕೊಡಲು. ಚಿಕ್ಕಮ್ಮನಿಗೆ ಮನೆ ತುಂಬ ಕೆಲಸ, ಹಾಗಾಗಿ ಜೊತೆಗೆ ನಾನು. ಉಳಿದಿದ್ದು ಮೂರೇ ಮನೆ: ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಮಂಗಳವಾರ ಪತ್ರಿಕೆ ಕೊಡುವುದಿಲ್ಲ, ಬುಧವಾರ ಅಮಾವಾಸ್ಯೆ, ಆಮೇಲೆ ಚಪ್ಪರದ ಕೆಲಸ. ಇದೇ ಕೊನೆಯ ದಿನ.

ಚನ್ನರಾಯಪಟ್ಟಣದಲ್ಲಿರುವುದು ದೊಡ್ಡತ್ತೆ, ಚಿಕ್ಕಪ್ಪನ ಸ್ವಂತ ಅಕ್ಕ. ನಮ್ಮಲ್ಲಿ ಒಡಹುಟ್ಟಿದವಳನ್ನು ಮದುವೆಗೆ ಕರೆಯಬೇಕಾದರೆ ಮನೆಯೊಳಗೆ ಹೋಗಿ, ಅರಿಶಿನ ಕುಂಕುಮ ಮುಂದಿಟ್ಟು, ತಟ್ಟೆಯಲ್ಲಿ ಪತ್ರಿಕೆ ಕೊಟ್ಟು 'ಬರಬೇಕು' ಅನ್ನಬೇಕು. ಹಿರಿಮಗಳ ಮದುವೆಯಲ್ಲಿ ಚಿಕ್ಕಪ್ಪ ಅಕ್ಕನ ಪತ್ರಿಕೆಯನ್ನು ಪರಿಚಯದ ಬಸ್ ಕಂಡಕ್ಟರ್ ಕೈಲಿ ಕಳಿಸಿದ್ದರು. ಅತ್ತೆ ಬರಲಿಲ್ಲ, ಅಂದಿನಿಂದ ತಮ್ಮನ ಮನೆಯ ನೀರೂ ಮುಟ್ಟಿಲ್ಲ. ಈ ಸಲ ಪಲ್ಲವಿ ಖಡಾಖಂಡಿತವಾಗಿ ಹೇಳಿದ್ದಳು: "ದೊಡ್ಡತ್ತೆ ಬಂದು ಅರಿಶಿನ ಹಚ್ಚದಿದ್ರೆ ನಾನು ಹಸೆಮಣೆ ಹತ್ತಲ್ಲ."

ಹಾಗಾದರೆ ಅತ್ತೆ ಮನೆಗೇ ಮೊದಲು ಹೋಗಬೇಕಲ್ಲವೇ? "ಕಷ್ಟದ್ದು ಕೊನೇಗಿರ್ಲಿ ಬುಡು," ಅಂದರು ಚಿಕ್ಕಪ್ಪ. ಇದು ವಾದವಲ್ಲ, ಭಯ.

ಎದುರು ಪಕ್ಷದ ಮಾತನ್ನೂ ಹೇಳಬೇಕು. ಕಾರು ಹೊರಟರೆ ಹೊಗೆಯಿಲ್ಲ, ಸದ್ದಿಲ್ಲ, ಲಾರಿಗಳನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಆದರೆ ಇಂಜಿನ್ನಿನ ಸದ್ದಿಲ್ಲದ ಮೇಲೆ ಉಳಿದ ಸದ್ದೆಲ್ಲ ಕೇಳುತ್ತದೆ. ಮುಂದಿನ ಪ್ಲಾಸ್ಟಿಕ್ ಹಲಗೆ ಹಾಸನದಿಂದಲೇ ಕಟಕಟ ಶುರು ಮಾಡಿತ್ತು. ಬಾಗಿಲ ರಬ್ಬರು ಒಂದು ಮೂಲೆಯಲ್ಲಿ ಕಿತ್ತುಬಂದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಚಾರ್ಜು ಉಳಿಯಲೆಂದು ಏಸಿ ಬಂದ್. ಆದರೂ ನಾವು ಮೂವತ್ತು ಚಿಲ್ಲರೆ ಕಿಲೋಮೀಟರ್ ಓಡಿ ಹೊಳೆನರಸೀಪುರ ಸೇರಿದಾಗ, ಕಾರಿನ ಪರದೆಯ ಲೆಕ್ಕದಲ್ಲಿ ಐವತ್ತು ಕಿಲೋಮೀಟರಿನ ಕರೆಂಟು ಕರಗಿತ್ತು.

ಅಲ್ಲಿ ಪತ್ರಿಕೆ ಕೊಟ್ಟು, ಕೋಡುಬಳೆ ತಿಂದು, ಕಾಫಿ ಕುಡಿದು ಚಾರ್ಜಿಂಗ್ ಜಾಗ ಹುಡುಕಿದೆವು. ಸಿಕ್ಕಿತು. ಮುಂದೆ ತೆಂಗಿನಕಾಯಿ ತುಂಬಿದ ಗೂಡ್ಸ್ ಆಟೋ ನಿಂತಿತ್ತು. ಅದನ್ನು ತೆಗೆಸಿದರೆ ಯಂತ್ರ ಆ್ಯಪ್ ಕೇಳಿತು, ಆ್ಯಪ್ ಓಟಿಪಿ ಕೇಳಿತು, ಓಟಿಪಿ ಬಂದ ಮೇಲೆ ಯಂತ್ರವೇ ಕೆಟ್ಟಿದೆ ಎಂದು ತಿಳಿಸಿತು.

"ಅರಕಲಗೂಡ್ನಾಗೆ ನಂಜುಂಡಪ್ಪನ ಮನೇಲಿ ಆಕಣ. ನಾವ್ ಉಣ್ಣೊ ಒತ್ಗೆ ಅದೂ ಉಣ್ಕತದೆ," ಅಂದರು ಚಿಕ್ಕಪ್ಪ.

ನಂಜುಂಡಪ್ಪ ಚಿಕ್ಕಮ್ಮನ ಅಣ್ಣ. ಅವರ ಜಗಲಿಯ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿದೊಡನೆ ಕೆಂಪು ದೀಪ. ಮನೆಯ ಅರ್ಥಿಂಗ್, ಅಂದರೆ ನೆಲಕ್ಕಿಳಿಸಿದ ತಂತಿ, ಸರಿಯಿಲ್ಲದಿದ್ದರೆ ಅದು ಕರೆಂಟು ಎಳೆಯುವುದಿಲ್ಲವಂತೆ. ಇದೇ ಪ್ಲಗ್ಗಿನಲ್ಲಿ ಗ್ರೈಂಡರು, ಇಸ್ತ್ರಿಪೆಟ್ಟಿಗೆ ಎಲ್ಲ ತಕರಾರಿಲ್ಲದೆ ನಡೆದಿವೆ. ಈ ಮಹಾರಾಜನಿಗೆ ಮಾತ್ರ ಆಗದು.

"ಬೇಸ್ಗೆಗೆ ಅರ್ಥಿಂಗ್ ಗುಂಡಿ ಒಣಗಿರ್ತದೆ ಕಣ್ರೀ," ಎಂದು ನಂಜುಂಡಪ್ಪ ಒಂದು ಹಿಡಿ ಕಲ್ಲುಪ್ಪು ತಂದರು. ನಾನು ಕೊಡಪಾನದಲ್ಲಿ ನೀರು ಹೊತ್ತು ಗೋಡೆಯ ಮೂಲೆಯ ಗುಂಡಿಗೆ ಸುರಿದೆ. ಮೂರನೆಯ ಕೊಡಕ್ಕೆ ದೀಪ ಹಸಿರಾಯಿತು.

"ಮಾವ, ಡೀಸೆಲ್ ಕಾರಿಗೆ ಯಾರಾದ್ರೂ ಉಪ್ಪುನೀರು ಹುಯ್ದಿದ್ದಾರಾ?" ಅಂದೆ.

"ಇಬ್ರು ನೆಂಟ್ರು ಬತ್ತಾರೆ ಅನ್ಕಂಡಿದ್ದೊ," ಎಂದು ಅವರು ನಕ್ಕರು. "ಮೂರ್ನೇವ್ನು ಒರಗ್ ನಿಂತ್ಕಂಡೇ ಉಣ್ತಾವ್ನೆ!"

ಪತ್ರಿಕೆ ಕೊಟ್ಟಾಯಿತು. ಮುದ್ದೆ, ಅವರೆಕಾಳಿನ ಸಾರು, ಪಾಯಸ, ಎಲೆ ಅಡಿಕೆ ಎಲ್ಲ ಆಗಿ, ಒಂದು ನಿದ್ದೆಯೂ ಆಯಿತು. ಅಷ್ಟಕ್ಕೆ ಕಾರು ಸಂಪಾದಿಸಿದ್ದು ನಾವು ಹೊಳೆನರಸೀಪುರಕ್ಕೆ ವಾಪಸು ಬರುವಷ್ಟು.

ಸಂಜೆ ಹೊಳೆನರಸೀಪುರದ ಹೇಮಾವತಿ ಸೇತುವೆಯ ಹತ್ತಿರ ಟೀ ಕುಡಿಯಲು ಇಳಿದೆವು. ಟೀ ಮುಗಿಸಿ ಬಂದರೆ ಕಾರಿಗೆ ಜೀವವಿಲ್ಲ. ಹಿಡಿಗಳು ಹೊರಬರಲಿಲ್ಲ, ಬಾಗಿಲು ತೆರೆಯಲಿಲ್ಲ. ಕಂಪನಿಗೆ ಫೋನು ಹಚ್ಚಿದಾಗ ಒಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ ವಿವರಿಸಿದಳು: ಓಡಿಸುವ ದೊಡ್ಡ ಬ್ಯಾಟರಿಯಲ್ಲಿ ಚಾರ್ಜಿದೆ, ಬಾಗಿಲು, ದೀಪಗಳಿಗೆ ಬೇರೆ ಚಿಕ್ಕ ಬ್ಯಾಟರಿ, ಸತ್ತಿರುವುದು ಅದು. ರಿಮೋಟಿನೊಳಗೆ ಕಬ್ಬಿಣದ ಕೀಲಿಯೊಂದಿದೆ, ಬಾಗಿಲಲ್ಲಿ ಬೀಗದ ತೂತಿನ ಮುಚ್ಚಳ ಎಬ್ಬಿಸಿ ಅದನ್ನು ಹಾಕಿ. ಎಬ್ಬಿಸಿದೆವು. ಮುಚ್ಚಳ ಮುರಿದು ಕೈಗೆ ಬಂತು. ಕೀಲಿ ಒಳಗೆ ಸುಮ್ಮನೆ ಗಿರಗಿರ ತಿರುಗಿತು. ಮೆಕ್ಯಾನಿಕ್ ನಾಳೆ ಬರುತ್ತಾನಂತೆ.

ಹಿಂದಿನ ಸೀಟಿನಲ್ಲಿ ತಟ್ಟೆ, ತಟ್ಟೆಯ ಮೇಲೆ ಅತ್ತೆಯ ಪತ್ರಿಕೆ. ಗಾಜಿನಾಚೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಗಾಜು ಒಡೆಯೋಣ."

"ಮದ್ವೆ ಮುಂದೆ ಯಾರಾರಾ ಗಾಜು ಒಡೀತಾರೇನ್ಲಾ!" ಎಂದು ಗದರಿದ ಚಿಕ್ಕಪ್ಪ, ಮರುಗಳಿಗೆ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು. "ಪತ್ರಿಕೆ ಇಲ್ದಂಗೆ ಅವಳ ಮನೆ ಮೆಟ್ಲು ಎಂಗತ್ಲಿ?"

"ಬರಿಗೈಲಂತೂ ಹೋಗೋದು ಬೇಡ, ಬನ್ನಿ," ಎಂದು ಕೈಹಿಡಿದು ಎಬ್ಬಿಸಿದೆ. ಪೇಟೆಯಲ್ಲಿ ಅರಿಶಿನ, ಕುಂಕುಮ, ಬಾಳೆಹಣ್ಣು, ಹೂವು ಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು. ಬಸ್ಸಿನ ಹಿಂಬಾಗಿಲಿಗೆ ಹಗ್ಗ ಕಟ್ಟಿತ್ತು. ಆದರೆ ಅದು ತೆರೆದುಕೊಳ್ಳುತ್ತಿತ್ತು.

ದೊಡ್ಡತ್ತೆ ಗೇಟಿನಲ್ಲೇ ನಿಂತಿದ್ದರು. ಒಳಗೆ ಕರೆಯಲಿಲ್ಲ. ಚಿಕ್ಕಪ್ಪ ಕುಂಕುಮದ ಪೊಟ್ಟಣ ಹಿಡಿದುಕೊಂಡು, "ಅಕ್ಕಯ್ಯ, ಪಲ್ಲವಿ ಮದ್ವೆ. ಬರ್ಬೇಕು," ಅಂದರು.

"ಎಲ್ಲೊ ಪತ್ರಿಕೆ?"

"ಕಾರಲ್ಲೈತೆ."

"ಕಾರು?"

"ಒಳೆನರಸೀಪುರದಲ್ಲೈತೆ."

"ಅವತ್ತೂ ಹಿಂಗೇ ಏನೋ ಏಳಿದ್ದೆ," ಎಂದು ಅತ್ತೆ ನನ್ನತ್ತ ತಿರುಗಿದರು. "ನೀನೇಳಪ್ಪ. ನಿಜವೊ, ಸುಳ್ಳೊ?"

ಬೆಳಗಿನಿಂದ ಚಿಕ್ಕಪ್ಪನ ವಿರುದ್ಧ ಕೂಡಿಹಾಕಿದ್ದ ವಾದವನ್ನೆಲ್ಲ ನಾನು ಚಿಕ್ಕಪ್ಪನ ಪರವಾಗಿ ಸುರಿದೆ. ಬಾರದ ಹಿಡಿ, ಕಿತ್ತ ರಬ್ಬರು, ಕೆಟ್ಟ ಯಂತ್ರ, ಉಪ್ಪುನೀರು, ಗಿರಗಿರ ತಿರುಗಿದ ಕೀಲಿ, ಗಾಜಿನೊಳಗೆ ಕಾಣುವ ಪತ್ರಿಕೆ. ಇಷ್ಟು ಕೆಟ್ಟ ಕಾರನ್ನು ಸುಳ್ಳಿಗಾಗಿ ಯಾರೂ ಕಟ್ಟಲಾರರು ಅಂದೆ. ಉಪ್ಪುನೀರಿನ ಹೊತ್ತಿಗೇ ಅತ್ತೆಗೆ ನಗು ತಡೆಯಲಾಗಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು, ನಗುವಿಗೋ ಏನೋ.

"ಅವತ್ತು ಪತ್ರಿಕೆ ಬಸ್ ಅತ್ಸಿ ನೀನ್ ಮನೇಲಿದ್ದೆ. ಇವತ್ತು ನೀನೇ ಬಸ್ ಅತ್ತಿ ಬಂದಿದ್ದೀಯ," ಎಂದು ತಮ್ಮನಿಗೆ ಅಂದರು. "ಬಾ ಒಳೀಕೆ. ಮದ್ವೇಗ್ ಬತ್ತೀನಿ. ಆದ್ರೆ ಬಸ್ಸಲ್ ಬರಾಕಿಲ್ಲ. ಆ ಕಾರಲ್ಲೇ ಬಂದು ಕರ್ಕಂಡೋಗು. ನಾನೂ ನೋಡ್ಬೇಕು ಅದ್ನ."

"ಆಗ್ಲಿ ಅಕ್ಕಯ್ಯ!" ಅಂದುಬಿಟ್ಟರು ಚಿಕ್ಕಪ್ಪ. ನಾನು ಕಾಲು ತುಳಿಯುವಷ್ಟರಲ್ಲಿ ಮಾತು ಹೋಗಿತ್ತು. ಇನ್ನು ಪಲ್ಲವಿಯ ಹಸೆಮಣೆ ಅದೇ ಕಾರಿನ ಮೇಲೆ ನಿಂತಿದೆ.

ರಾತ್ರಿ ಹಾಸನದ ಬಸ್ಸು ಹತ್ತಿದೆವು. ಊರ ದೀಪಗಳು ಹಿಂದೆ ಸರಿದ ಮೇಲೆ ಚಿಕ್ಕಪ್ಪ ಮೆಲ್ಲಗೆ ಕೇಳಿದರು: "ಅಕ್ಕಯ್ಯನ ಮನೇಲಿ ಅರ್ಥಿಂಗ್ ಗುಂಡಿ ಐತೇನ್ಲಾ? ನೋಡ್ದಾ?"

ನೋಡಿದ್ದೆ. ತುಳಸಿಕಟ್ಟೆಯ ಪಕ್ಕ. ಮಣ್ಣು ಬಿರುಕು ಬಿಟ್ಟಿತ್ತು.

"ಇದೆ," ಅಂದೆ. "ನೀರು ಹುಯ್ಯೋಕೆ ಅತ್ತೆಗೆ ಇವತ್ತಿಂದಲೇ ಹೇಳಿ."