ಮರವಂತೆಯಲ್ಲಿ ನಿದ್ದೆ

ಮರವಂತೆ ನೋಡಿದ್ದೀಯಾ ಅಂತ ಯಾರಾದರೂ ಕೇಳಿದರೆ ಏನು ಹೇಳಬೇಕೋ ಇವತ್ತಿಗೂ ಗೊತ್ತಿಲ್ಲ.

ಪೀಣ್ಯದ ನಮ್ಮ ರೂಮಿನ ಗೋಡೆಯಾಚೆಗೇ ಕಾರ್ಖಾನೆಯ ತಗಡು ಒತ್ತುವ ಪವರ್ ಪ್ರೆಸ್ ಬಡಿಯುತ್ತಿತ್ತು. ಆ ಸದ್ದಿದ್ದರೇನೇ ನಮಗೆ ನಿದ್ದೆ. ಕರೆಂಟ್ ಹೋಗಿ ಪ್ರೆಸ್ ನಿಂತರೆ ಎಚ್ಚರ.

ಒಂದು ಶನಿವಾರ ಡ್ಯೂಟಿ ಮುಗಿಸಿ ಬಂದ ರೂಮ್‌ಮೇಟ್, "ಸಮುದ್ರ ನೋಡ್ಬೇಕು, ನಡಿ ಗುರು" ಅಂದ. ಯಾಕೆ ಅಂತ ಕೇಳದೆ ಬೈಕ್ ಹತ್ತಿದೆ. ರಾತ್ರಿಯಿಡೀ ಓಡಿಸಿ, ಕಡಲ ಪಕ್ಕದ ರಸ್ತೆ ಹಿಡಿದು, ಬೆಳಗ್ಗೆ ಮರವಂತೆ ಸೇರಿದೆವು. ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ. ಯಾವ ಕಡೆ ತಿರುಗಬೇಕೋ ತಿಳಿಯದೆ ಮರಳಲ್ಲಿ ಕೂತೆವು. ಅಲೆಗಳು ದಬದಬ ಬಡಿಯುತ್ತಿದ್ದದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ಸಂಜೆ ನಾಲ್ಕು.

"ನಾಳೆ ಆರಕ್ಕೆ ಡ್ಯೂಟಿ ಕಣೋ, ಎಬ್ಬಿಸೋಕೆ ಏನಾಗಿತ್ತು ನಿಂಗೆ?" ಅಂತ ರೇಗಿದೆ.

ಅವನೂ ಆಗಷ್ಟೇ ಎದ್ದಿದ್ದ. ಕಣ್ಣುಜ್ಜುತ್ತಾ ಅಲೆಗಳ ಕಡೆ ನೋಡಿ ಅಂದ: "ಸದ್ದು ನಿಲ್ಲಲೇ ಇಲ್ವಲ್ಲೋ."