ವೆಂಕಟರಂಗಯ್ಯ ಮೇಷ್ಟ್ರ ಕನಸಿನ ನೋಟ್‌ಬುಕ್ಕು

ತುಮಕೂರಿನ ನಮ್ಮ ಕಾಲೇಜಿಗೆ ನರವಿಜ್ಞಾನವನ್ನು ಪದವಿಯ ವಿಷಯವಾಗಿ ತಂದು, ಹತ್ತು ವರ್ಷ ಅದನ್ನು ಕಣ್ಣಿಗೆ ರೆಪ್ಪೆಯಂತೆ ಕಾಪಾಡಿದ ಪೂಜ್ಯ ಪ್ರೊ. ವೆಂಕಟರಂಗಯ್ಯನವರು ಈಗ ನಿವೃತ್ತರಾಗುತ್ತಿದ್ದಾರೆ. ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿ ಇಪ್ಪತ್ತೈದು ವರ್ಷ ಕಪ್ಪೆ, ಜಿರಲೆಗಳೊಡನೆ ಕಳೆದವರು ಐವತ್ತರ ಅಂಚಿನಲ್ಲಿ ಮೆದುಳಿಗೆ ಮನಸೋತರು. ಅವರ ಪಾಂಡಿತ್ಯವನ್ನು ಅಳೆಯುವ ಕೆಲಸವನ್ನು ಈ ಅಭಿನಂದನ ಸಂಪುಟದಲ್ಲಿ ಹಿರಿಯರು ಮಾಡಿದ್ದಾರೆ. ಅವರ ಮೊದಲ ತಂಡದ ವಿದ್ಯಾರ್ಥಿನಿಯೂ ಈಗ ಅದೇ ವಿಭಾಗದ ಅತಿಥಿ ಉಪನ್ಯಾಸಕಿಯೂ ಆದ ನನಗೆ ಹೇಳಬೇಕಿರುವುದು ನಿದ್ದೆಯ ವಿಷಯ.

ನಾನು ಈ ಕೋರ್ಸಿಗೆ ಸೇರಿದಾಗ ನಮ್ಮ ತಂದೆ ಸೋಮಶೇಖರ್, "ನರದ ಡಾಕ್ಟ್ರು ಆಗ್ತೀಯೇನಮ್ಮ?" ಎಂದು ಕೇಳಿದ್ದರು. ಇಲ್ಲವೆಂದೆ. "ಮತ್ತೆ ಇನ್ಯಾಕೆ ಓದೋದು?" ಎಂದರು.

ಕುಣಿಗಲ್‌ನಿಂದ ಮೊದಲ ಬಸ್ಸಿಗೆ ಹೊರಟರೆ ಕೆರೆಯ ಮಂಜು ಕಿಟಕಿಯೊಳಗೇ ಬಂದು ಕೂರುತ್ತಿತ್ತು. ಮೇಷ್ಟ್ರು ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದರು. ಮೊದಲ ದಿನ ತೂಕಡಿಸುತ್ತಿದ್ದ ನಮ್ಮ ಹನ್ನೊಂದು ಮುಖಗಳನ್ನು ನೋಡಿ, "ನಿದ್ದೆಗಣ್ಣಿಗೆ ನಿದ್ದೆ ಪಾಠ ಯಾಕ್ರಪ್ಪಾ? ಮೊದ್ಲು ಮಲ್ಕೊಳಿ" ಎಂದು ಪರದೆ ಎಳೆದರು. ಅಂದಿನಿಂದ ದಿನವೂ ಹದಿನೈದು ನಿಮಿಷ, ಹೊಂಗೆ ಮರದ ನೆರಳು ಗೋಡೆಯ ಮೇಲೆ ಆಡುತ್ತಿರುವಾಗ, ನಾವು ಬೆಂಚಿಗೆ ತಲೆಯಿಟ್ಟು ಮಲಗುತ್ತಿದ್ದೆವು. ಎದ್ದವರು ಕನಸು ಹೇಳಬೇಕು. ಮೇಷ್ಟ್ರು ಉದ್ದನೆಯ ನೋಟ್‌ಬುಕ್ಕಿನಲ್ಲಿ ಒಂದಕ್ಷರ ಬಿಡದೆ ಬರೆದುಕೊಂಡು, ಅದರಿಂದಲೇ ಪಾಠ ಎತ್ತಿಕೊಳ್ಳುವರು. ಗೆಳತಿ ನಂದಿತಾಳ ಕನಸಿನಲ್ಲಿ ದೇವರಾಯನದುರ್ಗದ ಮೆಟ್ಟಿಲುಗಳು ನೀರಾಗಿ ಇಳಿದು ಬರುತ್ತಿದ್ದವು. ನನ್ನ ಕನಸಿನಲ್ಲಿ ನಮ್ಮೂರ ಕುದುರೆ ಫಾರಂನ ಬಿಳಿ ಕುದುರೆಗಳು ಸದ್ದಿಲ್ಲದೆ ಕೆರೆಯ ಮೇಲೆ ನಡೆಯುತ್ತಿದ್ದವು. ಒಮ್ಮೆ ಪ್ರಾಂಶುಪಾಲರು ಬಾಗಿಲಲ್ಲಿ ನಿಂತು, "ಇದೇನ್ರೀ, ಕ್ಲಾಸಾ ಲಾಡ್ಜಾ?" ಎಂದರು. ಮೇಷ್ಟ್ರು ತಣ್ಣಗೆ "ಪ್ರಾಕ್ಟಿಕಲ್ಸ್ ಸಾರ್" ಎಂದರು.

ಆದರೆ ನಾನು ಓದಿನಲ್ಲಿ ಹಿಂದೆ ಬೀಳುತ್ತಿದ್ದೆ. ಬರೆದುಕೊಂಡ ಪಾಠದ ನಡುನಡುವೆ ವಾಕ್ಯಗಳೇ ಮಾಯವಾಗಿರುತ್ತಿದ್ದವು. ಮನೆಯಲ್ಲಿ ಚಿಕ್ಕಂದಿನಿಂದಲೂ ನನಗೆ ಮಂಕು ಎಂಬ ಬಿರುದಿತ್ತು. ನಾನೂ ಅದನ್ನು ನಂಬಿಬಿಟ್ಟಿದ್ದೆ. ಮೊದಲ ಪರೀಕ್ಷೆಯಲ್ಲಿ ಎರಡು ವಿಷಯ ಹೋದಾಗ ಅಪ್ಪ, "ಸಾಕು ಬುಡಮ್ಮ, ಇದು ನಿನ್ ಕೈಲಾಗೋ ಕೆಲಸ ಅಲ್ಲ" ಎಂದು ಟಿ.ಸಿ. ತೆಗೆದುಕೊಳ್ಳಲು ನನ್ನ ಜೊತೆಗೇ ಬಂದರು.

ಮೇಷ್ಟ್ರು ಟಿ.ಸಿ. ಮಾತೇ ಎತ್ತದೆ ನೋಟ್‌ಬುಕ್ಕು ಬಿಚ್ಚಿದರು. ಉಳಿದವರ ಕನಸುಗಳು ಸರಾಗವಾಗಿ ಹರಿದಿದ್ದವು. ನನ್ನ ಪುಟಗಳಲ್ಲಿ ಮಾತ್ರ ಮಾತಿನ ನಡುವೆ ಅಲ್ಲಲ್ಲಿ ಸಣ್ಣ ಗೆರೆಗಳು.

"ಇದೇನು ಸಾರ್ ಗೆರೆ?"

"ನೀನು ಮಾತು ನಿಲ್ಲಿಸಿದ ಜಾಗ ಕಣಮ್ಮ. ಹತ್ತು ಸೆಕೆಂಡು ಕಣ್ಣು ಬಿಟ್ಕೊಂಡೇ ಎಲ್ಲೋ ಹೋಗ್ಬಿಡ್ತೀಯ. ಆಮೇಲೆ ಏನೂ ಆಗಿಲ್ದಂಗೆ ಮುಂದುವರೀತೀಯ."

ನನಗದು ಗೊತ್ತೇ ಇರಲಿಲ್ಲ. ಮೇಷ್ಟ್ರು ಅಪ್ಪನ ಕಡೆ ತಿರುಗಿ, "ಸೋಮಶೇಖರ್ ಅವ್ರೇ, ನಿಮ್ಮ ಮಗಳು ಮಂಕಲ್ಲ. ಇದು ಮೂರ್ಛೆಯ ಒಂದು ಬಗೆ ಅನ್ಸುತ್ತೆ. ಔಷಧಿ ಇದೆ" ಎಂದರು.

ಅಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಫಿಟ್ಸಾ? ಮೆಲ್ಲಗೆ ಹೇಳಿ ಸಾರ್. ನಾಳೆ ಇವಳ ಮದುವೆ..."

"ಮದುವೆ ಆಮೇಲೆ ನೋಡ್ಕೊಳ್ಳೋಣ, ಮೊದ್ಲು ರಸ್ತೆ ದಾಟೋದು ನೋಡ್ರೀ!" ಮೇಷ್ಟ್ರು ಗದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮರುಕ್ಷಣವೇ ತಗ್ಗಿದ ಸ್ವರದಲ್ಲಿ ನನಗೆ ಹೇಳಿದರು: "ಮೂರು ತಿಂಗಳು ಗೆರೆ ಹಾಕ್ಕೊಂಡೇ ಇದ್ದೆ, ಸಿಂಚನಾ. ಕನಸುಗಣ್ಣಿನ ಹುಡುಗಿ ಅಂದ್ಕೊಂಡಿದ್ದೆ. ಮೆದುಳು ಪಾಠ ಮಾಡೋನಿಗೇ ನೀನು ಫೇಲಾಗೋವರೆಗೂ ಹೊಳೀಲಿಲ್ಲ. ತಪ್ಪಾಯ್ತು ಕಣಮ್ಮ."

ಶಿಷ್ಯೆಯ ಮುಂದೆ ತಪ್ಪಾಯಿತೆಂದ ಗುರುಗಳನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮರುದಿನ ನರರೋಗ ತಜ್ಞರ ಬಳಿಗೆ ನೋಟ್‌ಬುಕ್ಕು ಕಂಕುಳಲ್ಲಿಟ್ಟುಕೊಂಡು ತಾವೇ ಬಂದರು. ವೈದ್ಯರು ನನ್ನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಆ ಗೆರೆಗಳನ್ನು ನೋಡಿದರು. ಪರೀಕ್ಷೆಯಲ್ಲಿ ಮೇಷ್ಟ್ರ ಊಹೆ ನಿಜವಾಯಿತು, ಮಾತ್ರೆ ಶುರುವಾಯಿತು. ಟಿ.ಸಿ. ಅರ್ಜಿಯನ್ನು ಅಪ್ಪ ಬಸ್ಸಿನಲ್ಲೇ ಹರಿದು ಜೇಬಿಗೆ ಹಾಕಿಕೊಂಡರು.

ಕಳೆದ ತಿಂಗಳು ಗುರುಗಳ ಕೊನೆಯ ತರಗತಿ. ಮಕ್ಕಳ ನಡುವೆ ನಾನೂ ಹಿಂದಿನ ಬೆಂಚಿನಲ್ಲಿ ತಲೆಯಿಟ್ಟು ಮಲಗಿದೆ. ಪರದೆ, ಹೊಂಗೆಯ ನೆರಳು, ಕೆರೆಯ ಮೇಲೆ ಅವೇ ಕುದುರೆಗಳು. ಎದ್ದಾಗ ಗುರುಗಳು "ಹೇಳಮ್ಮ" ಎಂದರು. ಹೇಳಿದೆ. ಬರೆದು ಮುಗಿಸಿ ಪುಟವನ್ನು ನನ್ನ ಕಡೆಗೆ ತಿರುಗಿಸಿದರು. ಮೇಲಿನಿಂದ ಕೆಳಗಿನವರೆಗೆ ಒಂದೇ ಒಂದು ಗೆರೆಯಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವರು ನೋಟ್‌ಬುಕ್ಕು ಮುಚ್ಚಿ ನನ್ನ ಕೈಗಿತ್ತರು.

ಗುರುಗಳು ನೂರ್ಕಾಲ ಬಾಳಲೆಂದು ಎಲ್ಲರೂ ಹಾರೈಸಿದ್ದಾರೆ. ನನ್ನ ಹಾರೈಕೆಯೂ ಅದೇ. ಇನ್ನಾದರೂ ಅವರು ಗುಬ್ಬಿಯ ಮನೆಯಲ್ಲಿ ಬೆಳಗಿನ ರೈಲಿನ ಕೂಗಿಗೆ ದಡಬಡಿಸಿ ಏಳದೆ, ಮಗ್ಗುಲು ಬದಲಿಸಿ ಹಾಯಾಗಿ ನಿದ್ರಿಸಲಿ. ಎದ್ದ ಮೇಲೆ ಕನಸು ಹೇಳಲಿ. ಬರೆದುಕೊಳ್ಳಲು ನಾನಿದ್ದೇನೆ.